ಹೆದ್ದಾರಿ ಮುಚ್ಚುವುದೇಕೆ? ಹೊರಡುವ ಮುನ್ನ ತಿಳಿಯುವುದು ಹೇಗೆ?

ಮುಂಬಯಿ ಮತ್ತು ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ತೆರಳಲು ಬಳಸುವ ಪ್ರಮುಖ ಮಾರ್ಗಗಳಲ್ಲಿ 48ನೆಯ ರಾಷ್ಟ್ರೀಯ ಹೆದ್ದಾರಿಯೂ ಒಂದು. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಪಂಚಗಂಗಾ ನದಿಯ ನೆರೆನೀರು ಕೊಲ್ಹಾಪುರದ ಬಳಿ ಈ ಹೆದ್ದಾರಿಯನ್ನು ಆವರಿಸಿತು. ಹಲವು ದಿನಗಳ ಕಾಲ ಸಂಚಾರ ಸ್ಥಗಿತಗೊಂಡು, ಪ್ರಯಾಣಿಕರು ದಾರಿಯಲ್ಲಿಯೇ ಉಳಿಯಬೇಕಾಯಿತು. ಇಂತಹ ಸಂದರ್ಭಗಳಲ್ಲಿ ಹೆದ್ದಾರಿಯನ್ನು ಮುಚ್ಚುವುದು ಜೀವರಕ್ಷಣೆಯ ಕ್ರಮವೆಂಬುದನ್ನು ಚಾಲಕರು ಅರಿತಿರಬೇಕು.

ಮುಚ್ಚುವ ಕಾರಣಗಳು

ನೆರೆ: ಸುಮಾರು 30 ಸೆಂಟಿಮೀಟರ್ ಆಳದ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಆಳದ ಹರಿಯುವ ನೀರು ಬಹುತೇಕ ವಾಹನಗಳನ್ನು ಸೆಳೆದೊಯ್ಯಬಲ್ಲದು. ನೀರಿನಡಿಯಲ್ಲಿ ರಸ್ತೆ ಕೊಚ್ಚಿಹೋಗಿದ್ದರೂ ಚಾಲಕನಿಗೆ ಕಾಣದು.

ಭೂಕುಸಿತ: 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಕುಸಿದು ಪ್ರಾಣಹಾನಿ ಸಂಭವಿಸಿತು. ನದಿಯ ಪಾಲಾದ ಲಾರಿಯೊಂದು ದೊರೆತದ್ದು ಎರಡು ತಿಂಗಳ ಬಳಿಕ. ಮಳೆ ನಿಂತ ಮೇಲೂ ನೀರು ಕುಡಿದ ಮಣ್ಣು ಮತ್ತೆ ಜರಿಯಬಹುದು. ಆದುದರಿಂದ ಮಣ್ಣು ತೆರವಾದೊಡನೆ ಸಂಚಾರ ಆರಂಭವಾಗುವುದಿಲ್ಲ.

ಸೇತುವೆಯ ದೌರ್ಬಲ್ಯ: 2016ರ ಆಗಸ್ಟ್ 2ರ ರಾತ್ರಿ ಮಹಾಡ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ಪ್ರವಾಹಕ್ಕೆ ಕುಸಿದಾಗ, ಎರಡು ಬಸ್ಸುಗಳು ನದಿಗೆ ಉರುಳಿದವು. ರಭಸದ ನೀರು ಕಂಬಗಳ ಬುಡದ ಮಣ್ಣನ್ನು ಕೊರೆಯುತ್ತದೆ. ಆದುದರಿಂದ ನೆರೆ ಇಳಿದ ಬಳಿಕವೂ ತಪಾಸಣೆಯಾಗುವವರೆಗೆ ಸೇತುವೆಯನ್ನು ಮುಚ್ಚಿಡಲಾಗುತ್ತದೆ.

ಇವಲ್ಲದೆ ದುರಸ್ತಿ, ಅಪಘಾತ ಮತ್ತು ವನ್ಯಜೀವಿ ರಕ್ಷಣೆಯೂ ಕಾರಣಗಳಾಗುತ್ತವೆ. ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರವನ್ನು ನಿಷೇಧಿಸಿದ ಕ್ರಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2010ರಲ್ಲಿ ಎತ್ತಿಹಿಡಿಯಿತು.

ಕಾನೂನಿನ ಆಧಾರ

1988ರ ಮೋಟಾರು ವಾಹನಗಳ ಕಾಯಿದೆಯ 115ನೆಯ ಪ್ರಕರಣದಂತೆ ಸಾರ್ವಜನಿಕ ಸುರಕ್ಷತೆಗಾಗಿ ಸಂಚಾರವನ್ನು ನಿರ್ಬಂಧಿಸಬಹುದು. ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕಾಗಿಲ್ಲ. ಸ್ಥಳೀಯವಾಗಿ ಪ್ರಚಾರ ನೀಡಿದರೆ ಸಾಕು. ವಿಪತ್ತಿನ ಕಾಲದಲ್ಲಿ ಜಿಲ್ಲಾಡಳಿತಕ್ಕೆ 2005ರ ವಿಪತ್ತು ನಿರ್ವಹಣಾ ಕಾಯಿದೆಯೂ ಈ ಅಧಿಕಾರ ನೀಡಿದೆ. ಹೀಗೆ, ಹಠಾತ್ತಾಗಿ ಹೊರಡುವ ಆದೇಶವು ದೂರದ ನಗರದಲ್ಲಿರುವವರಿಗೆ ತಾನಾಗಿ ತಲುಪದಿರಬಹುದು. ಅದನ್ನು ಪ್ರಯಾಣಿಕರೇ ವಿಚಾರಿಸಿ ತಿಳಿಯಬೇಕು.

ತಿಳಿಯುವ ಬಗೆ

1. ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು. ‘ರಾಜಮಾರ್ಗಯಾತ್ರಾ’ ಮೊಬೈಲ್ ಆ್ಯಪ್ ಕೂಡ ಉಪಯುಕ್ತ.

2. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಬೇರೆ ಜಿಲ್ಲೆಯಿಂದ ವಿಚಾರಿಸುವವರು ಆಯಾ ಜಿಲ್ಲೆಯ ಎಸ್.ಟಿ.ಡಿ. ಸಂಕೇತವನ್ನು ಮುಂದೆ ಸೇರಿಸಬೇಕು.

3. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಲುಪುವ ಊರಿಗೆ ಮಾತ್ರವಲ್ಲದೆ, ದಾರಿಯ ಘಟ್ಟಗಳಿಗೂ ನದಿಗಳ ಮೇಲ್ಭಾಗಕ್ಕೂ ನೋಡಬೇಕು. ಘಟ್ಟದಲ್ಲಿ ಸುರಿದ ಮಳೆ, ಬಿಸಿಲಿರುವ ಊರಿನಲ್ಲಿಯೂ ನೆರೆ ತರಬಲ್ಲದು. ಕೆಂಪು ಎಚ್ಚರಿಕೆ ಇದ್ದಲ್ಲಿ ಪ್ರಯಾಣವನ್ನು ಮುಂದೂಡುವುದೇ ಲೇಸು.

4. ಹೊರಡುವಾಗ ಒಮ್ಮೆ ವಿಚಾರಿಸಿದರೆ ಸಾಲದು. ಬದಲಿ ಮಾರ್ಗಕ್ಕೆ ತಿರುಗಬಹುದಾದ ಕೊನೆಯ ಪಟ್ಟಣದಲ್ಲಿ ಮತ್ತೊಮ್ಮೆ ವಿಚಾರಿಸಬೇಕು. ಅದನ್ನು ದಾಟಿದ ಬಳಿಕ ಹಿಂದಿರುಗುವುದು ಕಷ್ಟ.

ಮೊಬೈಲ್ ನಕಾಶೆ ತೋರಿಸುವ ಹಳ್ಳಿಯ ಅಡ್ಡದಾರಿಯೂ ಜಲಾವೃತವಾಗಿರಬಹುದು. ಆದಕಾರಣ ಪೊಲೀಸರು ಸೂಚಿಸಿದ ಬದಲಿ ಮಾರ್ಗವನ್ನೇ ಅನುಸರಿಸಬೇಕು. ತಡೆಬೇಲಿಯನ್ನು ಸರಿಸಿ ಮುಂದುವರಿಯುವುದು ತನ್ನ ಜೀವಕ್ಕೂ ರಕ್ಷಣೆಗೆ ಬರುವವರ ಜೀವಕ್ಕೂ ಅಪಾಯಕಾರಿ. ಅಪಾಯದಲ್ಲಿ ಸಿಲುಕಿದವರು 112ಕ್ಕೆ ಕರೆ ಮಾಡಬೇಕು.

ಊರನ್ನು ಒಂದು ದಿನ ತಡವಾಗಿ ತಲುಪಿದರೆ ನಷ್ಟ ಅಲ್ಪ. ಸುರಕ್ಷಿತವಾಗಿ ತಲುಪುವುದೇ ಪ್ರಯಾಣದ ಸಾರ್ಥಕತೆ.