ಕಾಲ್ನಡಿಗೆಯಲ್ಲಿ ಬೀದರ ದರ್ಶನ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಅನಂತರ ಮುಂಬಯಿ ರಾಜ್ಯಕ್ಕೆ ಸೇರಿದವು. ಆದುದರಿಂದ ಬೀದರಿನ ಇತಿಹಾಸವನ್ನು ನಮ್ಮ ಮಕ್ಕಳು ಪರವೂರಿನದೆಂದು ಬಗೆಯಲಾಗದು.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ ಶಾಹನು ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಆ ಅರಸೊತ್ತಿಗೆಯ ಗದ್ದಲವು ಅಡಗಿ ಬಹುಕಾಲವಾಯಿತು. ಹಳೆಯ ಪೇಟೆಯನ್ನೂ ಕೋಟೆಯನ್ನೂ ನಾವು ಒಂದೇ ದಿನದಲ್ಲಿ ನಡೆದು ನೋಡಬಹುದು.

ಮೊದಲು ಊರ ನಡುವಿನ ಚೌಬಾರವನ್ನು ನೋಡೋಣ. ಇದು ದುಂಡನೆಯ, ಎತ್ತರವಾದ ಕಾವಲು ಗೋಪುರ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಸಿಗುತ್ತದೆ. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಗೋಡೆಯ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ. ವಿದ್ಯಾಪ್ರೇಮಿಯಾದ ಈ ಮಂತ್ರಿಯನ್ನು, ವೈರಿಗಳು ಹೂಡಿದ ಸುಳ್ಳು ಪತ್ರವನ್ನು ನಂಬಿ, ಸುಲ್ತಾನನು 1481ರಲ್ಲಿ ಕೊಲ್ಲಿಸಿದನು. ಆ ಬಳಿಕ ರಾಜ್ಯವು ಒಡೆದು ಐದಾಯಿತು. ವಿಚಾರಿಸದೆ ದಂಡಿಸಬಾರದೆಂಬ ಪಾಠವನ್ನು ನಾವಿಲ್ಲಿ ಕಲಿಯಬೇಕು.

ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ಕರಿಯ ಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂಡಿಸಿದ ಕುಸುರಿಯಿದೆ. ಬಿದರಿ ಪಾತ್ರೆಗಳನ್ನು ಕಪ್ಪಾಗಿಸಲು ಕುಶಲಕರ್ಮಿಗಳು ಬಳಸುವುದು ಈ ಕೋಟೆಯ ಹಳೆಯ ಮಣ್ಣನ್ನೇ. ಅದನ್ನು ನವಸಾಗರದೊಡನೆ ಕಲಸಿ ಹಚ್ಚಿದರೆ ಲೋಹವು ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಬೆಳ್ಳಗೆಯೇ ಉಳಿಯುತ್ತದೆ.

ಉಮರ್ಗಾ, ನಿಲಂಗಾ, ಉದಗೀರಗಳ ಪಾಲಕರು ಮಕ್ಕಳನ್ನು ಒಮ್ಮೆ ಇಲ್ಲಿಗೆ ಕರೆದೊಯ್ದು, ಕಂಡುದನ್ನು ಅವರಿಂದ ಕನ್ನಡದಲ್ಲಿ ಬರೆಯಿಸಬೇಕು.