ಹಾರುವ ದೂರ, ತಲಪುವ ಹೊತ್ತು

ಕನ್ನಡ ನಾಡಿನ ಪೂರ್ವಿಕರು ದಾರಿಯನ್ನು ಹರದಾರಿ, ಗಾವುದಗಳಿಂದ ಅಳೆಯುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಕೂಡಿದರೆ ಒಂದು ಗಾವುದ. ಊರು ಎಷ್ಟು ಹರದಾರಿ ಎಂದು ತಿಳಿದರೆ ನಡೆಯುವವನಿಗೆ ಹಿಡಿಯುವ ಹೊತ್ತೂ ತಿಳಿಯುತ್ತಿತ್ತು. ದೂರಕ್ಕೂ ಕಾಲಕ್ಕೂ ಇದ್ದ ಈ ನಂಟನ್ನು ವಿಮಾನವು ಸಡಿಲಗೊಳಿಸಿತು. ಬೂಕನಕೆರೆಯಂತಹ ಊರಿನ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ, 'ಅಮೆರಿಕದಲ್ಲಿರುವ ಮಗ ಯಾವಾಗ ಬಂದಾನು?' ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಸರಿಯುತ್ತರ ಹೇಳಬಲ್ಲ ಜ್ಞಾನವು ವಿದ್ಯಾರ್ಥಿಗೆ ಅವಶ್ಯವಾದುದು.

ಇದಕ್ಕೆ ಉತ್ತಮ ನಿದರ್ಶನವೊಂದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲರೂ ಮಹಿಳೆಯರೇ.

ಈ ಎರಡು ನಗರಗಳ ನೇರ ದೂರ ಸುಮಾರು 14,000 ಕಿಲೋಮೀಟರು. ಗೋಡೆಯ ಭೂಪಟದಲ್ಲಿ ಗೆರೆ ಎಳೆದರೆ ಇದು ದೊರೆಯದು. ಭೂಗೋಳದ ಮೇಲೆ ದಾರವೊಂದನ್ನು ಎರಡು ನಗರಗಳಿಗೂ ಬಿಗಿಯಾಗಿ ಹಿಡಿದರೆ, ಅದು ಪೂರ್ವಕ್ಕೂ ಪಶ್ಚಿಮಕ್ಕೂ ಹೋಗದೆ ಉತ್ತರದ ಹಿಮಪ್ರದೇಶದತ್ತ ಏರುವುದನ್ನು ಬಾಲಕರು ಕಣ್ಣಾರೆ ಕಾಣಬಹುದು. ಅದೇ ಅತ್ಯಂತ ಹತ್ತಿರದ ಹಾದಿ. ಆದರೆ ವಿಮಾನವು ಗಾಳಿಯ ಅನುಕೂಲವನ್ನು ನೋಡಿ ದಾರಿಯನ್ನು ಆಯ್ದುಕೊಳ್ಳುವುದರಿಂದ, ಹಾರುವ ಹಾದಿ ದಾರದ ಅಳತೆಗಿಂತ ಉದ್ದವಾಗುತ್ತದೆ. ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಬರುವ ಹದಿನೈದೂವರೆ ಗಂಟೆಯು ಈ ಕಾರಣದಿಂದಲೇ ಸಾಲದು.

ಇನ್ನು ಕಾಲದ ವಿಚಾರ. ಅಂದು ನಿಗದಿಯಾಗಿದ್ದ ವೇಳೆ ಹೀಗಿತ್ತು: 9ನೆಯ ತಾರೀಖು ರಾತ್ರಿ 8-30ಕ್ಕೆ ಅಲ್ಲಿಂದ ಹೊರಟು, 11ನೆಯ ತಾರೀಖು ಬೆಳಗಿನ ಜಾವ 3-45ಕ್ಕೆ ಇಲ್ಲಿ ಇಳಿಯುವುದು. ಗಡಿಯಾರಗಳನ್ನಷ್ಟೇ ನೋಡಿ ಕಳೆದವನಿಗೆ 31 ಗಂಟೆ 15 ನಿಮಿಷವೆಂದು ತೋರುತ್ತದೆ. ಇದು ತಪ್ಪು. ಗ್ರೀನ್‌ವಿಚ್ ವೇಳೆಗೆ ಭಾರತವು ಐದೂವರೆ ಗಂಟೆ ಮುಂದು. ಚಳಿಗಾಲದಲ್ಲಿ ಆ ನಗರವು ಎಂಟು ಗಂಟೆ ಹಿಂದು. ಒಟ್ಟು ಹದಿಮೂರೂವರೆ ಗಂಟೆಯನ್ನು ಕಳೆದರೆ ಉಳಿಯುವ 17 ಗಂಟೆ 45 ನಿಮಿಷವೇ ನಿಜವಾದ ಪಯಣದ ಕಾಲ. ಬೇಸಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದರಿಂದ ಆಗ ಹನ್ನೆರಡೂವರೆ ಗಂಟೆಯನ್ನು ಮಾತ್ರ ಕಳೆಯತಕ್ಕದ್ದು.

ಆದರೆ ವಿಮಾನ ಇಳಿದೊಡನೆ ಮಗನು ಮನೆಯ ಹೊಸಿಲು ತುಳಿದಂತಾಗಲಿಲ್ಲ. ಹೊರಡುವ ಮುನ್ನ ನಿಲ್ದಾಣದಲ್ಲಿ ಮೂರು ಗಂಟೆ, ಇಳಿದ ಮೇಲೆ ತಪಾಸಣೆಗೂ ಸಾಮಾನಿಗೂ ಎರಡು ಗಂಟೆ, ದೇವನಹಳ್ಳಿಯಿಂದ ಬೂಕನಕೆರೆಗೆ ರಸ್ತೆಯಲ್ಲಿ ನಾಲ್ಕು ಗಂಟೆ ಎಂದಿಟ್ಟುಕೊಂಡರೆ, ಒಟ್ಟು 26 ಗಂಟೆ 45 ನಿಮಿಷವಾಯಿತು. ಟಿಕೆಟು ದೊರೆಯುವುದಕ್ಕೆ ಕಾಯಬೇಕಾದ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ.

ಆದುದರಿಂದ 'ಹದಿನೇಳು ಗಂಟೆಯ ದಾರಿ ತಾನೇ' ಎಂದು ಧೈರ್ಯ ಹೇಳುವುದು ದಾಕ್ಷಿಣ್ಯದ ಮಾತಾದೀತೇ ಹೊರತು ಲೆಕ್ಕದ ಮಾತಾಗದು. ಎರಡು ದಿನ ಬೇಕೆಂದು ಮೊದಲೇ ಅರಿತ ಮನೆಯವರು, ಕಾಯಿಲೆ ಉಲ್ಬಣಿಸುವ ತನಕ ಸುದ್ದಿಯನ್ನು ಮುಚ್ಚಿಡದೆ ಕಾಲದಲ್ಲಿಯೇ ಕರೆ ಕಳುಹಿಸುವರು. ಮಗನಿಗೆ ತಂದೆತಾಯಿಗಳ ಮುಖದರ್ಶನ ದೊರೆಯುವುದೂ ತಪ್ಪುವುದೂ ಕೆಲವೊಮ್ಮೆ ಈ ಸಣ್ಣ ಕೂಡುಕಳೆಯುವಿಕೆಯನ್ನೇ ಅವಲಂಬಿಸಿದೆ.