ವ್ಯಾಯಾಮವೂ ಕ್ಯಾಲೊರಿಯ ಲೆಕ್ಕವೂ

ಹೊಗೆಯನ್ನು ಕಂಡು ಬೆಂಕಿಯನ್ನರಿಯುವುದು ಅನುಮಾನ. ಕೈಗಡಿಯಾರವು ನಾಡಿಯನ್ನೆಣಿಸಿ ವ್ಯಾಯಾಮದಲ್ಲಿ ವ್ಯಯವಾದ ಕ್ಯಾಲೊರಿಗಳನ್ನು ಹೇಳುವುದೂ ಅನುಮಾನವೇ. ಪ್ರಯೋಗಶಾಲೆಯಲ್ಲಾದರೋ ದೇಹವು ಬಳಸಿದ ಆಮ್ಲಜನಕವನ್ನು ಅಳೆಯುವರು. ಒಂದು ಲೀಟರಿಗೆ ಸುಮಾರು 5 ಕಿಲೊಕ್ಯಾಲೊರಿ. ನಾಡಿಯು ಬಿಸಿಲಿಗೂ ಭಯಕ್ಕೂ ಏರುವುದು. ಇಂತಹ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುವರು. ಸಮಗತಿಯ ನಡಿಗೆಯಲ್ಲಿ ಊಹೆಯು ಸತ್ಯಕ್ಕೆ ಸಮೀಪಿಸೀತು. ಭಾರವನ್ನೆತ್ತುವಾಗ ಆಮ್ಲಜನಕದ ಬಳಕೆಯನ್ನು ಮೀರಿ ನಾಡಿಯು ಏರುವುದರಿಂದ ಲೆಕ್ಕವು ತಪ್ಪುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಡಿಗೆ, ಓಟ, ಸೈಕಲ್ ಸವಾರಿಗಳಲ್ಲಿ ಇಂತಹ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿಯ ಎಣಿಕೆಯಲ್ಲಿ ಆರು ಸಾಧನಗಳು ಬಹುಮಟ್ಟಿಗೆ ಸರಿಯಿದ್ದವು. ಶಕ್ತಿವ್ಯಯದಲ್ಲಿ ಎಲ್ಲಕ್ಕಿಂತ ಮೇಲಾದುದೇ ಸರಾಸರಿ ಶೇಕಡ 27ರಷ್ಟು ತಪ್ಪಿತು. ಆದುದರಿಂದ ಬೆಳೆಯುವ ವಿದ್ಯಾರ್ಥಿಯು ಆ ಅಂಕಿಯನ್ನು ನಂಬಿ ಪ್ರಸಾದನಿಲಯದ ಪಂಕ್ತಿಯಲ್ಲಿ ಅರೆಹೊಟ್ಟೆಯಿಂದ ಏಳದಿರಲಿ. ಗಡಿಯಾರವು ವ್ಯಾಯಾಮದ ಅಭ್ಯಾಸವನ್ನು ನೆನಪಿಸಲಿ. ತುತ್ತನ್ನು ಎಣಿಸುವ ಅಧಿಕಾರ ಅದಕ್ಕೆ ಬೇಡ.